ಗೋಲು ಕಂಬದಿಂದ ಮೈಕಿನ ಮೇಜಿಗೆ

ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಹೊನಲು ಬೆಳಕಿನ ಪಂದ್ಯಾವಳಿಗಳ ಪೋಸ್ಟರಿನಲ್ಲಿ ಕೆಳಗಡೆ ಒಂದು ಸಾಲು ಇದ್ದೇ ಇರುತ್ತದೆ: ‘ವೀಕ್ಷಕ ವಿವರಣೆ’, ಅದರ ಮುಂದೆ ಒಬ್ಬರದೋ ಇಬ್ಬರದೋ ಹೆಸರು. ಪ್ರಥಮ ಬಹುಮಾನ ಎಷ್ಟು, ಪ್ರವೇಶ ಧನ ಎಷ್ಟು ಎಂದು ನೋಡಿದ ಕಣ್ಣು ಮುಂದೆ ಹುಡುಕುವುದು ಆ ಹೆಸರನ್ನೇ. ರಾತ್ರಿ ಒಂಬತ್ತಕ್ಕೆ ಶುರುವಾಗಿ ಬೆಳಗಿನ ಜಾವದವರೆಗೆ ನಡೆಯುವ ಆಟದಲ್ಲಿ ಜನರನ್ನು ನಿದ್ದೆಗೆ ಬಿಡದೆ ಕೂರಿಸುವವರು ಆಟಗಾರರಷ್ಟೇ ಮೈಕು ಹಿಡಿದವರೂ ಹೌದು. ಹೀಗೆ ಮೈಕು ಹಿಡಿದವರಲ್ಲಿ ಹೆಚ್ಚಿನವರು ಒಂದು ಕಾಲದಲ್ಲಿ ತಾವೇ ಆಡಿದವರು. ಕಬಡ್ಡಿಯವರು, ವಾಲಿಬಾಲಿನವರು ಬಹಳ. ಫುಟ್‌ಬಾಲ್ ಆಡಿ ಬಂದವರು ಕಡಿಮೆ. ಆ ಕಡಿಮೆಯವರಲ್ಲಿ ಒಬ್ಬರು ಹೊನ್ನಾವರ ತಾಲೂಕಿನ ಶರಾವತಿ ದಂಡೆಯ ಹಳೆಯ ಆಟಗಾರರು. ಈ ಕರಾವಳಿಯಲ್ಲಿ ಕಾಲಿನ ಆಟ ಬಾಯಿಗೆ ಹೇಗೆ ಬಂತು ಎಂಬುದನ್ನು ಅವರ ದಾರಿಯಲ್ಲಿ ನೋಡಬಹುದು.

ಇಲ್ಲಿ ಫುಟ್‌ಬಾಲ್ ಮಳೆಗಾಲದ ಆಟ. ಅದಕ್ಕೆ ಕಾರಣ ಆಟದಲ್ಲಿಲ್ಲ, ಕಡಲಿನಲ್ಲಿದೆ. ಜೂನ್, ಜುಲೈ ತಿಂಗಳು ಯಾಂತ್ರೀಕೃತ ದೋಣಿಗಳು ನೀರಿಗಿಳಿಯುವುದಿಲ್ಲ. ಈಗ ಅದು 61 ದಿನಗಳ ಸರ್ಕಾರಿ ನಿಷೇಧ. ಮೊದಲು ಕಡಲಿನ ಅಬ್ಬರ ನೋಡಿ ದೋಣಿ ಮೇಲೆಳೆದು ಸೋಗೆ ಹೊದಿಸುವ ರೂಢಿಯಿತ್ತು. ಮೀನುಗಾರರ ಕೇರಿಯ ಹುಡುಗರಿಗೆ ಕೈಯಲ್ಲಿ ಬಲೆಯಿಲ್ಲದ ದಿನಗಳು ಇವೇ. ಗಟ್ಟಿಯಾದ ಒದ್ದೆ ಮರಳಿನ ಮೇಲೆ ಚೆಂಡು ಚೆನ್ನಾಗಿ ಓಡುತ್ತದೆ. ಒಳನಾಡಿನ ಕಡೆ ಬೇಣದ ಹುಲ್ಲು ಚಿಗುರಿ ಕೆಂಪು ಕಲ್ಲಿನ ನೆಲ ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಅದೇ ನೆಲದ ಮೇಲೆ ಬಿದ್ದರೆ ಮೊಣಕಾಲಿನ ಚರ್ಮ ಉಳಿಯುವುದಿಲ್ಲ. ಗೋಲು ಕಂಬಕ್ಕೆ ಎರಡು ಅಡಿಕೆ ಮರದ ತುಂಡು, ಮೇಲೆ ಅಡ್ಡ ಒಂದು ಹಗ್ಗ. ಹಗ್ಗದ ಮೇಲೆ ಹೋಯಿತೋ ಕೆಳಗೆ ಹೋಯಿತೋ ಎಂಬ ಜಗಳಕ್ಕೆ ಅಂಪೈರು ಯಾರೂ ಇಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಾಡಿನಲ್ಲಿ ಆಟ ನಿಲ್ಲಿಸುವುದು ಮಳೆಗಲ್ಲ, ಸಿಡಿಲಿಗೆ ಮಾತ್ರ.

ವಿಶ್ವಕಪ್ ಬರುತ್ತಿದ್ದುದೂ ಇದೇ ಮಳೆಗಾಲದಲ್ಲಿ. 1986ರ ಜೂನ್ ತಿಂಗಳಲ್ಲಿ ದೂರದರ್ಶನ ಮೆಕ್ಸಿಕೊದ ಪಂದ್ಯಗಳನ್ನು ತೋರಿಸಿದಾಗ ಈ ಆಟಗಾರರು ಹದಿಹರೆಯದ ಹುಡುಗ. ಊರಿಗೆಲ್ಲ ಒಂದೋ ಎರಡೋ ಟೀವಿ. ಹೊತ್ತು ಮಧ್ಯರಾತ್ರಿ ದಾಟಿರುತ್ತಿತ್ತು. ಗಾಳಿಗೆ ಆಂಟೆನಾ ತಿರುಗಿದರೆ ಒಬ್ಬ ಗೊರಬು ಹಾಕಿಕೊಂಡು ಮಾಡು ಹತ್ತಬೇಕು. ಕರೆಂಟು ಹೋದಾಗ ಆಟ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದಿನದನ್ನು ಕತ್ತಲಲ್ಲಿ ಕುಳಿತವರಿಗೆ ಊಹಿಸಿ ಹೇಳುತ್ತಿದ್ದುದು ಈ ಹುಡುಗ: ಚೆಂಡು ಈಗ ಎಡಗಡೆಗೆ ಹೋಗಿರಬೇಕು, ಬ್ಯಾಕ್ ಮುಂದೆ ಬಂದಿರಬೇಕು, ಅವನ ಹಿಂದೆ ಜಾಗ ಖಾಲಿ. ಕರೆಂಟು ಬಂದ ಮೇಲೆ ಊಹೆ ಸರಿಯೋ ತಪ್ಪೋ ಎಂದು ಯಾರೂ ತಾಳೆ ನೋಡಲಿಲ್ಲ. ಕತ್ತಲೆಯ ಆ ಹತ್ತು ನಿಮಿಷ ಅಷ್ಟೂ ಜನ ಎದ್ದು ಹೋಗದೆ ಕುಳಿತಿದ್ದರು ಎಂಬುದು ಅವರ ಮನಸ್ಸಿನಲ್ಲಿ ಉಳಿದ ಸಂಗತಿ. ಅರ್ಜೆಂಟೀನಾ ಜೂನ್ 29ರಂದು ಪಶ್ಚಿಮ ಜರ್ಮನಿಯನ್ನು 3–2ರಿಂದ ಸೋಲಿಸಿತು. ಮರುದಿನ ಬೀಚಿನಲ್ಲಿ ಪ್ರತಿಯೊಬ್ಬನೂ ಹತ್ತನೇ ನಂಬರಿನವನೇ.

ಅವರು ಮಾತ್ರ ಆಡಿದ್ದು ನಡುವಿನ ಜಾಗದಲ್ಲಿ, ಹಾಫ್ ಆಗಿ. ಗೋಲು ಹೊಡೆಯುವವನ ಹೆಸರು ಊರಲ್ಲಿ ಉಳಿಯುತ್ತದೆ, ಗೋಲಿಯ ಹೆಸರೂ ಒಂದಿಷ್ಟು ಉಳಿಯುತ್ತದೆ. ಹಾಫ್ ಆಡಿದವನನ್ನು ಜತೆಗೆ ಆಡಿದವರಷ್ಟೇ ನೆನಪಿಟ್ಟುಕೊಳ್ಳುತ್ತಾರೆ. ಆದರೆ ಮುಂದೆ ಬಾಯಿಯ ಕೆಲಸಕ್ಕೆ ಬೇಕಾದ ಕಣ್ಣು ತಯಾರಾದದ್ದು ಆ ಜಾಗದಲ್ಲೇ. ಚೆಂಡು ಕಾಲಿಗೆ ಬರುವ ಮೊದಲೇ ಅದನ್ನು ಯಾರಿಗೆ ಕೊಡುವುದೆಂದು ಹಾಫ್ ನೋಡಿಕೊಂಡಿರಬೇಕು. ಅಂದರೆ ಚೆಂಡಿಲ್ಲದವರನ್ನು ನೋಡುವ ಅಭ್ಯಾಸ. ನೋಡಲು ಬಂದ ಜನರ ಕಣ್ಣೆಲ್ಲ ಚೆಂಡಿನ ಬೆನ್ನು ಹತ್ತಿರುವಾಗ, ಚೆಂಡು ಮುಂದೆ ಹೋಗಿ ಸೇರುವ ಜಾಗವನ್ನು ನೋಡುತ್ತಿರುವವನು ಅವನೊಬ್ಬನೇ.

ಇಪ್ಪತ್ತೇಳರ ಹೊತ್ತಿಗೆ ಬಲ ಮೊಣಕಾಲು ಹೋಯಿತು. ಯಾರೂ ಕೆಡವಿದ್ದಲ್ಲ, ಓಡುತ್ತ ತಿರುಗುವಾಗ ಪಾದ ಕೆಸರಿನಲ್ಲಿ ಹೂತು, ಮೈ ಮಾತ್ರ ತಿರುಗಿತು. ಒಳಗೆ ಏನೋ ‘ಟಕ್’ ಎಂದದ್ದು ಪಕ್ಕದವನಿಗೂ ಕೇಳಿತಂತೆ. ಎಣ್ಣೆ ತಿಕ್ಕಿ, ಪಟ್ಟು ಹಾಕಿ, ಸೊಪ್ಪು ಕಟ್ಟಿ ನಾಲ್ಕು ತಿಂಗಳು ಕಳೆದ ಮೇಲೂ ಕಾಲು ನಂಬಿಕೆಯದಾಗಲಿಲ್ಲ. ಮೊಣಕಾಲಿನೊಳಗಿನ ಕಟ್ಟು ಹರಿದರೆ ಅದು ತಾನಾಗಿ ಕೂಡಿಕೊಳ್ಳುವ ಭರವಸೆಯಿಲ್ಲ, ಮತ್ತೆ ಆಡಲು ಹಲವರಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ ಎಂಬ ತಿಳಿವಳಿಕೆ ಆಗ ಹಳ್ಳಿಯ ಆಟಗಾರರ ತನಕ ಬಂದಿರಲಿಲ್ಲ. ಈ ಕರಾವಳಿಯಲ್ಲಿ ಎಷ್ಟೋ ಒಳ್ಳೆಯ ಆಟಗಾರರ ಆಟ ಹೀಗೆಯೇ ಮುಗಿದಿದೆ. ಅವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ ಎಂಬುದು ನೋವಿನ ಮಾತು.

ಮೈಕು ಕೈಗೆ ಬಂದದ್ದು ಆಕಸ್ಮಿಕ. ಸುಗ್ಗಿ ಕೊಯ್ಲಾದ ಗದ್ದೆಯಲ್ಲಿ ವಾಲಿಬಾಲ್ ಪಂದ್ಯಾವಳಿ. ಗೊತ್ತು ಮಾಡಿದ್ದ ವಿವರಣೆಗಾರರಿಗೆ ಬಸ್ಸು ತಪ್ಪಿತ್ತು. ಸಂಘದವರು ಸುಮ್ಮನೆ ಕುಳಿತಿದ್ದ ಇವರ ಕಡೆ ನೋಡಿ, “ನೀವೇ ಎರಡು ಮಾತು ಹೇಳಿ ಮಾರಾಯ್ರೆ, ಅವ್ರು ಬರೂ ತನಕ” ಎಂದರು. ಹೊಸಬರೆಲ್ಲ ಮಾಡುವ ತಪ್ಪನ್ನೇ ಇವರೂ ಮಾಡಿದರು: ಎಲ್ಲರೂ ಕಣ್ಣಾರೆ ನೋಡುತ್ತಿದ್ದುದನ್ನೇ ಮತ್ತೆ ಹೇಳಿದರು. ಚೆಂಡು ಹೋಯಿತು, ಚೆಂಡು ಬಂತು, ಚೆಂಡು ಬಿತ್ತು. ಎರಡನೇ ಸೆಟ್ಟಿನ ನಡುವೆ ಒಮ್ಮೆ, ಹೊಡೆಯುವವನಿಗೆ ಚೆಂಡು ಎತ್ತಿಕೊಡುವ ಲಿಫ್ಟರ್ ಭುಜ ತಿರುಗಿಸಿದ್ದನ್ನು ಕಂಡು, “ಇದು ಹಿಂದಕ್ಕೆ ಹೋಗ್ತದೆ ನೋಡಿ” ಎಂಬ ಮಾತು ಬಾಯಿಂದ ಬಿದ್ದುಹೋಯಿತು. ಚೆಂಡು ಹಿಂದಕ್ಕೇ ಹೋಯಿತು. ಜನರಲ್ಲಿ ಒಂದು ‘ಹೋ’ ಎದ್ದಿತು. ಆ ‘ಹೋ’ ಹೊಡೆತಕ್ಕಲ್ಲ, ಮಾತಿಗೆ. ಆ ರಾತ್ರಿ ಗೊತ್ತು ಮಾಡಿದ್ದವರು ಬಂದ ಮೇಲೂ ಸಂಘದವರು ಇವರನ್ನು ಮೇಜಿನಿಂದ ಏಳಗೊಡಲಿಲ್ಲ.

ಆಡಿದವರು ವಿವರಣೆಗೆ ಬರುವ ಈ ದಾರಿ ಹೊಸದಲ್ಲ. ಬ್ರಿಟನ್ನಿನಲ್ಲಿ ಆಟದ ರೇಡಿಯೊ ವಿವರಣೆ ಹುಟ್ಟಿದ್ದೇ ಹಾಗೆ. ಬಿಬಿಸಿ 1927ರ ಜನವರಿಯಲ್ಲಿ ಈ ಕೆಲಸಕ್ಕೆ ಕೂರಿಸಿದ ಟೆಡ್ಡಿ ವೇಕ್‌ಲ್ಯಾಮ್ ರಗ್ಬಿ ಆಡಿದ್ದವರು. ಮೊದಲ ರಗ್ಬಿ ಪಂದ್ಯದ ಹೊತ್ತಿಗೆ ಅವರ ಎದುರಿಗೆ ಕಣ್ಣು ಕಾಣದ ಒಬ್ಬರನ್ನು ಕೂರಿಸಿ, ಇವರಿಗೆ ಹೇಳಿದಂತೆ ಹೇಳಿ ಎಂದಿದ್ದರು. ಮಾತಿನ ಕಸುಬಿಗೆ ಇದಕ್ಕಿಂತ ಒಳ್ಳೆಯ ಪಾಠ ಮತ್ತೊಂದಿಲ್ಲ. ಅದಾದ ಒಂದು ವಾರಕ್ಕೆ, ಜನವರಿ 22ರಂದು, ಆರ್ಸೆನಲ್ ಮತ್ತು ಶೆಫೀಲ್ಡ್ ಯುನೈಟೆಡ್ ನಡುವಿನ ಫುಟ್‌ಬಾಲ್ ಪಂದ್ಯ. ಮೈದಾನವನ್ನು ಎಂಟು ಚೌಕವಾಗಿ ಭಾಗ ಮಾಡಿದ ನಕ್ಷೆ ಪತ್ರಿಕೆಯಲ್ಲಿ ಮೊದಲೇ ಅಚ್ಚಾಗಿತ್ತು. ಚೆಂಡು ಯಾವ ಚೌಕದಲ್ಲಿದೆ ಎಂದು ಜತೆಗಾರರು ಸಂಖ್ಯೆ ಹೇಳುತ್ತಿದ್ದರು, ಮನೆಯಲ್ಲಿದ್ದವರು ನಕ್ಷೆಯ ಮೇಲೆ ಬೆರಳಿಟ್ಟು ಕೇಳುತ್ತಿದ್ದರು. ಆ ಪಂದ್ಯದ ಮೊದಲ ಗೋಲು ಹೊಡೆದದ್ದು ಆರ್ಸೆನಲ್‌ನ ಚಾರ್ಲಿ ಬುಕಾನ್. 1928ರಲ್ಲಿ ಆಟ ಬಿಟ್ಟ ಬುಕಾನ್ ಪತ್ರಕರ್ತರಾದರು, ಅದೇ ಬಿಬಿಸಿಗೆ ಫುಟ್‌ಬಾಲ್ ವಿವರಣೆ ಹೇಳಿದರು, 1951ರಲ್ಲಿ ತಮ್ಮ ಹೆಸರಿನದೇ ಫುಟ್‌ಬಾಲ್ ಮಾಸಿಕ ತಂದರು. ಬಿಬಿಸಿ ರೇಡಿಯೊದಲ್ಲಿ ಕೇಳಿಬಂದ ಮೊದಲ ಗೋಲಿನ ಯಜಮಾನರೇ ಮುಂದೆ ವಿವರಣೆಗಾರರಾದದ್ದು ಈ ಕಸುಬಿನ ಚರಿತ್ರೆಯ ಸುಂದರ ಸಂಗತಿ. ಕೋಲ್ಕತ್ತದಲ್ಲಿ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಎರಡೂ ತಂಡಗಳಿಗೆ ಆಡಿದ ಸುಕುಮಾರ್ ಸಮಾಜಪತಿ ಕೂಡ ಆಮೇಲೆ ಬಂಗಾಳಿ ವಿವರಣೆಗೆ ಬಂದವರು.

ಕರಾವಳಿಯಲ್ಲಿ ಕೇಳುಗ ಮನೆಯಲ್ಲಿಲ್ಲ, ಎದುರಿಗೇ ಇದ್ದಾನೆ. ಆಟ ಅವನಿಗೆ ಕಾಣುತ್ತಿದೆ. ಕಾಣುವವನಿಗೆ ಏನು ಹೇಳುವುದು? ಇದಕ್ಕೆ ಇಲ್ಲಿಯವರು ಉತ್ತರ ಹುಡುಕಿಕೊಂಡದ್ದು ಯಕ್ಷಗಾನದಲ್ಲಿ. ಹೊನ್ನಾವರ, ಕುಮಟಾ ಸೀಮೆ ಬಡಗುತಿಟ್ಟಿನ ದೊಡ್ಡ ಮನೆ. ಗುಣವಂತೆಯ ಕೆರೆಮನೆ ಮೇಳವನ್ನು ಶಿವರಾಮ ಹೆಗಡೆಯವರು ಕಟ್ಟಿದ್ದು 1934ರಲ್ಲಿ. ಚಿಟ್ಟಾಣಿ ರಾಮಚಂದ್ರ ಹೆಗಡೆ ಇದೇ ಮಣ್ಣಿನವರು. ತಾಳಮದ್ದಲೆಯಲ್ಲಿ ಕತೆ ಎಲ್ಲರಿಗೂ ಗೊತ್ತು, ವಾಲಿ ಸಾಯುತ್ತಾನೆಂಬುದು ಮಗುವಿಗೂ ಗೊತ್ತು. ಆದರೂ ಜನ ಬೆಳಗಿನ ತನಕ ಕೂರುವುದು ಅರ್ಥಧಾರಿ ಆ ಹೊತ್ತಿಗೆ ಹುಟ್ಟಿಸುವ ಮಾತಿಗಾಗಿ. ಭಾಗವತರ ಪದ ಮುಗಿದು ಮದ್ದಲೆ ಇಳಿದ ಮೇಲೇ ಅರ್ಥ ಶುರು. ಪದದ ಮೇಲೆ ಮಾತು ಹೇರಿದರೆ ಎರಡೂ ಕೆಡುತ್ತವೆ. ಮೈದಾನದ ಒಳ್ಳೆಯ ವಿವರಣೆಗಾರರು ಇದನ್ನು ಹಾಗೇ ಎತ್ತಿಕೊಂಡಿದ್ದಾರೆ. ದಾಳಿ ನಡೆಯುವಾಗ ಮಾತು ಕಡಿಮೆ, ದಾಳಿ ಮುಗಿದ ಕೂಡಲೇ ಅರ್ಥ. ಹೊನ್ನಾವರದ ಈ ಹಳೆಯ ಆಟಗಾರರ ವಿವರಣೆಯಲ್ಲಿ ಎದ್ದು ಕಾಣುವುದು ಇದೇ ಸುಮ್ಮನಿರುವ ಗುಣ. ಕಬಡ್ಡಿಯಲ್ಲಿ ಒಂದು ರೈಡಿಗೆ ಮೂವತ್ತು ಸೆಕೆಂಡು. ಮೊದಲ ಐದಾರು ಸೆಕೆಂಡಿನಲ್ಲಿ ದಾಳಿಗಾರನ ಹೆಸರು, ಎದುರಿಗೆ ಎಷ್ಟು ಜನ ಇದ್ದಾರೆಂಬ ಲೆಕ್ಕ. ಆಮೇಲೆ ಅವರು ಮೈಕನ್ನು ಬಾಯಿಂದ ಅರ್ಧ ಗೇಣು ದೂರ ಹಿಡಿಯುತ್ತಾರೆ. ಆಗ ಆ ಮೈಕಿನಲ್ಲಿ ಕೇಳುವುದು ದಾಳಿಗಾರನ ‘ಕಬಡ್ಡಿ ಕಬಡ್ಡಿ’ ಮಾತ್ರ. ಮೂಲೆಯವನು ಕಾಲಿಗೆ ಹಾಕಿದ ಮೇಲೆ ಧ್ವನಿ ಏರುತ್ತದೆ. ಈಗಿನ ಹಲವರು ರೈಡಿನ ಮೊದಲ ಸೆಕೆಂಡಿನಿಂದಲೇ ಕೂಗುತ್ತಾರೆ. ಹಿಡಿತ ಬಿದ್ದಾಗ ಅವರ ಧ್ವನಿಗೆ ಏರಲು ಜಾಗವೇ ಉಳಿದಿರುವುದಿಲ್ಲ.

ಆಟ ಯಾವುದೋ ಅದರ ಮೇಲೆ ಮಾತಿನ ನಡೆ ನಿಲ್ಲುತ್ತದೆ. ವಾಲಿಬಾಲಿನಲ್ಲಿ ಮೊದಲು ಸರ್ವಿಸ್ ಇದ್ದವರಿಗೆ ಮಾತ್ರ ಅಂಕ, ಸೆಟ್ಟಿಗೆ 15. ಅಂಕವೇ ಬಾರದೆ ಸರ್ವಿಸ್ ಮಾತ್ರ ಅತ್ತಿತ್ತ ಓಡಾಡುವ ಹತ್ತು ನಿಮಿಷಗಳಿರುತ್ತಿದ್ದವು. ಆ ಹೊತ್ತನ್ನು ತುಂಬಲು ಕತೆ, ಹಳೆಯ ಪಂದ್ಯದ ನೆನಪು, ಆಟಗಾರನ ಊರು, ಮನೆಯ ವಿಚಾರ ಎಲ್ಲ ಬೇಕಾಗುತ್ತಿತ್ತು. 1990ರ ದಶಕದ ಕೊನೆಗೆ ಪ್ರತಿ ಸರ್ವಿಸಿಗೂ ಯಾರಿಗಾದರೂ ಅಂಕ ಸಿಗುವ 25ರ ಲೆಕ್ಕ ಬಂದ ಮೇಲೆ ಆ ಪುರುಸೊತ್ತು ಹೋಯಿತು. ಫುಟ್‌ಬಾಲಿನಲ್ಲಿ ನಿಲುಗಡೆಯೇ ಇಲ್ಲ. ಇಲ್ಲಿ ಐದೋ ಏಳೋ ಜನರ ತಂಡ ಕಟ್ಟಿ ಆಡುವ ಸಣ್ಣ ಪಂದ್ಯಗಳೇ ಹೆಚ್ಚು. ಮೈದಾನ ಚಿಕ್ಕದು, ಚೆಂಡು ಒಂದು ಗೋಲಿನಿಂದ ಇನ್ನೊಂದಕ್ಕೆ ಮೂರು ಸೆಕೆಂಡಿನಲ್ಲಿ ಹೋಗುತ್ತದೆ. ವಾಕ್ಯ ಪೂರ್ತಿ ಮಾಡಹೊರಟವನು ಸೋತ. ಅವರು ಫುಟ್‌ಬಾಲಿಗೆ ಕ್ರಿಯಾಪದವನ್ನೇ ಬಿಟ್ಟುಬಿಡುತ್ತಾರೆ: ಆಟಗಾರನ ಹೆಸರು, ಇನ್ನೊಂದು ಹೆಸರು, ‘ಒಳಗೆ’, ‘ಖಾಲಿ ಇದೆ’, ಮತ್ತೊಂದು ಹೆಸರು. ಚೆಂಡು ಸೇರುವ ಹೆಸರನ್ನು ಚೆಂಡಿಗಿಂತ ಅರೆ ಘಳಿಗೆ ಮೊದಲು ಹೇಳುವುದು ಆ ಹಳೆಯ ಹಾಫ್‌ನ ಕಣ್ಣಿನ ಕೆಲಸ.

ಮೇಜಿನ ಮೇಲೆ ಚೀಟಿಗಳು ಬರುತ್ತಲೇ ಇರುತ್ತವೆ. ದೇಣಿಗೆ ಕೊಟ್ಟವರ ಹೆಸರು, ಬಂದ ಗಣ್ಯರ ಹೆಸರು, ದಾರಿಗೆ ಅಡ್ಡವಾಗಿ ನಿಲ್ಲಿಸಿದ ಬೈಕಿನ ನಂಬರು, ಅಮ್ಮನನ್ನು ಹುಡುಕಿ ಅಳುತ್ತಿರುವ ಮಗು. ಮಗುವಿನ ಚೀಟಿಯನ್ನು ಆಟದ ನಡುವೆಯೂ ಓದುತ್ತಾರೆ. ಉಳಿದವೆಲ್ಲ ಎಡ ಅಂಗೈ ಕೆಳಗೆ ಕಾಯುತ್ತವೆ. ರೈಡ್ ನಡೆಯುವಾಗ ಹೆಸರು ಓದುವಂತೆ ಭುಜ ತಟ್ಟಿದವರಿಗೆ ಅವರು ಮಾತಿನಲ್ಲಿ ಉತ್ತರ ಕೊಡುವುದಿಲ್ಲ, ಇನ್ನೊಂದು ಕೈ ಎತ್ತಿ ಅಂಕಣದ ಕಡೆ ತೋರಿಸುತ್ತಾರೆ. ಇದರಿಂದ ಮುನಿಸಿಕೊಂಡ ದಾನಿಗಳೂ ಇದ್ದಾರೆ, ಮುಂದಿನ ವರ್ಷ ಇವರನ್ನು ಕರೆಯದ ಸಂಘಗಳೂ ಇವೆ. ಆಟಗಾರನ ಬೆವರಿನ ಮೂವತ್ತು ಸೆಕೆಂಡು ಯಾರ ಹೆಸರಿಗಿಂತಲೂ ದೊಡ್ಡದು ಎಂಬಲ್ಲಿ ಅವರು ರಾಜಿಯಾಗಿಲ್ಲ. ಅವರ ಈ ಹಟ ಸರಿಯಾದದ್ದೇ.

ಒಂದು ತಪ್ಪು ಅವರಿಂದ ಆಗಿದೆ. ಮೈಕು ಹಿಡಿದ ಮೂರನೆಯ ವರ್ಷ, ಒಂದು ಫೈನಲ್ಲಿನ ಕೊನೆಯ ನಿಮಿಷದಲ್ಲಿ ಅಂಪೈರರ ತೀರ್ಪು ತಪ್ಪೆಂದು ಕಂಡಿತು, ಹಾಗೆಂದು ಮೈಕಿನಲ್ಲಿ ಹೇಳಿಬಿಟ್ಟರು. ಹೇಳಿದ್ದು ನಿಜವಿದ್ದೀತು. ಆದರೆ ಎರಡು ಊರಿನ ಜನ ಎದುರುಬದುರು ಕುಳಿತಿದ್ದರು. ಒಂದು ಕಡೆಯವರು ಅಂಕಣಕ್ಕೆ ನುಗ್ಗಿದರು, ಇನ್ನೊಂದು ಕಡೆಯವರು ಎದ್ದರು, ಕುರ್ಚಿಗಳು ಹಾರಿದವು. ಬಹುಮಾನ ಕೊಡದೆಯೇ ಆಟ ಮುಗಿಯಿತು. ಬೆಳಗಿನ ಜಾವ ಸುಣ್ಣದ ಗೆರೆ ಅಳಿಸಿ ಹೋದ ಅಂಕಣದಲ್ಲಿ ಸಂಘದ ಹುಡುಗರು ಮುರಿದ ಕುರ್ಚಿ ಒಟ್ಟುತ್ತಿದ್ದುದನ್ನು ಅವರು ಮರೆತಿಲ್ಲ. ಅಂದಿನಿಂದ ತೀರ್ಪಿನ ಬಗ್ಗೆ ಅವರ ಬಾಯಿಂದ ಬರುವುದು ಒಂದೇ ಮಾತು: “ಅಂಪೈರರ ತೀರ್ಮಾನ ಬಂದಿದೆ.” ಆಡುವಾಗ ಒಬ್ಬನ ಕೋಪ ಒಬ್ಬನದೇ, ಮೈಕಿನಲ್ಲಿ ಅದು ಸಾವಿರ ಜನರದಾಗುತ್ತದೆ.

ಹೆಸರು ಹೇಳುವುದೂ ಸಣ್ಣ ಕೆಲಸವಲ್ಲ. ಈ ಮೂರು ತಾಲೂಕುಗಳಲ್ಲಿ ಕನ್ನಡದ ಜತೆ ಕೊಂಕಣಿ ಇದೆ, ಭಟ್ಕಳದ ನವಾಯತರ ನವಾಯತಿ ಇದೆ, ಉರ್ದು ಇದೆ, ಹಾಲಕ್ಕಿ ಒಕ್ಕಲಿಗರ ಕನ್ನಡ ಇದೆ, ಹವ್ಯಕರ ಮಾತಿದೆ. ಒಬ್ಬ ಆಟಗಾರನ ಹೆಸರನ್ನು ಮನೆಯವರು ಕರೆಯುವಂತೆ ಕರೆದರೆ ಆ ಹುಡುಗನ ನಡಿಗೆಯೇ ಬದಲಾಗುತ್ತದೆ. ಪಂದ್ಯಕ್ಕೆ ಮೊದಲು ಅವರು ತಂಡಗಳ ಬಳಿ ಹೋಗಿ ಕೂರುತ್ತಾರೆ, ಪ್ರತಿ ಹೆಸರನ್ನೂ ಒಮ್ಮೆ ಬಾಯಲ್ಲಿ ಹೇಳಿ ಸರಿಯೋ ಎಂದು ಕೇಳುತ್ತಾರೆ. ಭಟ್ಕಳದ ಕಡೆ ಆಟವಿದ್ದಾಗ ಅಂಕವನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಹೇಳುತ್ತಾರೆ. ಮೊದಲ ಸಲ ಹಾಗೆ ಹೇಳಿದಾಗ ಹಿಂದಿನ ಸಾಲಿನಲ್ಲಿ ನಿಂತಿದ್ದ ಹಿರಿಯರೊಬ್ಬರು ಮೇಜಿನ ತನಕ ಬಂದು ಒಂದು ಲೋಟ ಚಹಾ ಇಟ್ಟು ಹೋದರಂತೆ.

ಟೀವಿಯಲ್ಲಿ ಕನ್ನಡದ ವಿವರಣೆ ಕೇಳುವುದು ಇತ್ತೀಚಿನ ಭಾಗ್ಯ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾಗಿ ಕಬಡ್ಡಿಗೆ ಹೊಸ ಕಾಲ ಬಂತು. 2018ರ ಐಪಿಎಲ್ ಕನ್ನಡದಲ್ಲೂ ಬಂತು. ಆಡಿದವರೇ ಮಾತಿಗೆ ಬರುವ ಸಂಪ್ರದಾಯ ಅಲ್ಲಿಯೂ ಮುಂದುವರಿಯಿತು. ವಿಜಯ್ ಭಾರದ್ವಾಜ್ ಅದಕ್ಕೆ ಒಳ್ಳೆಯ ನಿದರ್ಶನ: 1998–99ರ ರಣಜಿ ಋತುವಿನಲ್ಲಿ 1280 ರನ್ ಮಾಡಿ, ಮಧ್ಯಪ್ರದೇಶದ ವಿರುದ್ಧದ ಫೈನಲ್ಲಿನ ಕೊನೆಯ ದಿನ ಆರು ವಿಕೆಟ್ ಕಿತ್ತು ಕರ್ನಾಟಕಕ್ಕೆ ಗೆಲುವು ತಂದವರು, 1999ರಲ್ಲಿ ನೈರೋಬಿಯ ಎಲ್‌ಜಿ ಕಪ್ಪಿನಲ್ಲಿ ಸರಣಿಶ್ರೇಷ್ಠರಾದವರು. ಭಾರತಕ್ಕಾಗಿ ಆಡಿದ್ದು 3 ಟೆಸ್ಟ್, 10 ಏಕದಿನ ಪಂದ್ಯ. ಆಟದ ಬದುಕು ಚಿಕ್ಕದಾದರೂ ಕನ್ನಡ ವಿವರಣೆಯಲ್ಲಿ ಅವರ ಧ್ವನಿ ಇಂದು ಮನೆಮನೆಯದು. ಬೌಲರ್ ಏನು ಯೋಚಿಸುತ್ತಿದ್ದಾನೆಂದು ಅವರು ಹೇಳುವಾಗ ಅದು ಊಹೆಯೆನಿಸುವುದಿಲ್ಲ. ಟೀವಿಯ ಕನ್ನಡ ಕೇಳಿದ ಮೇಲೆ ಕರಾವಳಿಯ ಹೊಸ ಹುಡುಗರ ಮಾತೂ ಬದಲಾಗಿದೆ. ‘ಸೂಪರ್ ಟ್ಯಾಕಲ್’, ‘ಡು ಆರ್ ಡೈ ರೈಡ್’ ಹಳ್ಳಿಯ ಗದ್ದೆಗೂ ಬಂದಿವೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಊರ ಮಾತಿನ ಹದ ಅದರ ಜತೆ ಕಳೆದುಹೋಗಬಾರದು.

ಇನ್ನೊಂದು ಬದಲಾವಣೆ ಮೊಬೈಲಿನದು. ಈಗ ಪಂದ್ಯಾವಳಿಗಳು ಯೂಟ್ಯೂಬಿನಲ್ಲಿ ನೇರವಾಗಿ ಹೋಗುತ್ತವೆ. ದುಬೈಯಲ್ಲೋ ಮುಂಬೈಯಲ್ಲೋ ದುಡಿಯುವ ಈ ಕಡೆಯ ಹುಡುಗರು ರಾತ್ರಿ ಕೆಲಸ ಮುಗಿಸಿ ತಮ್ಮೂರ ಆಟ ನೋಡುತ್ತಾರೆ. ಹೀಗಾಗಿ ವಿವರಣೆಗಾರರಿಗೆ ಈಗ ಇಬ್ಬರು ಕೇಳುಗರು: ಎದುರಿಗೆ ಕುಳಿತು ಎಲ್ಲವನ್ನೂ ಕಾಣುವವನು ಒಬ್ಬ, ಕ್ಯಾಮೆರಾದ ಕಣ್ಣಿಗೆ ಸಿಕ್ಕಿದ್ದನ್ನಷ್ಟೇ ಕಾಣುವವನು ಇನ್ನೊಬ್ಬ. ಹಳೆಯ ಆಟಗಾರರು ದೂರದವನಿಗಾಗಿ ಹೊಸ ರೂಢಿಯೊಂದನ್ನು ಮಾಡಿಕೊಂಡಿದ್ದಾರೆ. ಆಟ ಶುರುವಾಗುವ ಮೊದಲು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ನೆಲ ಒಣಗಿದೆಯೋ ಇಬ್ಬನಿಗೆ ಜಾರುತ್ತದೆಯೋ, ಯಾವ ಮರದ ಬುಡದಲ್ಲಿ ಎಷ್ಟು ಜನ ಕೂತಿದ್ದಾರೆ ಎಂದು ಹೇಳುತ್ತಾರೆ. ಎದುರಿದ್ದವರಿಗೆ ಅದು ಬೇಡ. ಮರುಭೂಮಿಯ ಕೋಣೆಯಲ್ಲಿ ಕೂತವನಿಗೆ ಆ ಮರವೇ ಬೇಕಾದದ್ದು.

ಸಂಪಾದನೆ ಎಂದು ಹೇಳಿಕೊಳ್ಳುವಷ್ಟು ಇದರಲ್ಲಿಲ್ಲ. ನವೆಂಬರಿನಿಂದ ಮೇ ತನಕ ಋತು. ಹಗಲು ಅಂಗಡಿಯ ಕೆಲಸ, ರಾತ್ರಿ ಮೈಕು. ಗಂಟಲಿಗೆ ಜ್ಯೇಷ್ಠಮಧು, ಕಲ್ಲುಸಕ್ಕರೆ, ಫ್ಲಾಸ್ಕಿನಲ್ಲಿ ಬಿಸಿ ಕಷಾಯ. ಕಷಾಯ ಕುದಿಸಿ ಕೊಡುವವರು ಮನೆಯವರು. ಅವರು ಒಂದು ಪಂದ್ಯವನ್ನೂ ಮೈದಾನಕ್ಕೆ ಬಂದು ನೋಡಿಲ್ಲ. ರಾತ್ರಿಯ ಗಾಳಿ ಸರಿಯಾಗಿ ಬೀಸಿದರೆ ಗದ್ದೆಯಾಚೆಯಿಂದ ಗಂಡನ ಧ್ವನಿ ಅಂಗಳಕ್ಕೆ ಕೇಳುತ್ತದೆ, ಅದು ನಿಂತಿತೆಂದರೆ ಒಲೆಗೆ ನೀರಿಡುತ್ತಾರೆ.

ಜೂನ್ ಬಂದರೆ ಸೌಂಡಿನವರು ಸ್ಪೀಕರುಗಳಿಗೆ ತಾಡಪಾಲು ಸುತ್ತುತ್ತಾರೆ. ದೋಣಿಗಳು ದಡಕ್ಕೆ ಬರುತ್ತವೆ, ಒದ್ದೆ ಮರಳಿನ ಮೇಲೆ ಚೆಂಡು ಹೊರಡುತ್ತದೆ. ಸಂಜೆ ಕೊಡೆ ಹಿಡಿದು, ಬಲಗಾಲನ್ನು ಸ್ವಲ್ಪ ಎಳೆಯುತ್ತ ಅವರು ಅಲ್ಲಿಗೆ ಬಂದು ನಿಲ್ಲುತ್ತಾರೆ. ಮೈಕಿಲ್ಲ, ಮಾತಾಡುವುದೂ ಇಲ್ಲ. ಎಡಗಡೆ ಒಬ್ಬ ಹುಡುಗ ಖಾಲಿ ಜಾಗಕ್ಕೆ ಓಡುತ್ತಿರುತ್ತಾನೆ, ಚೆಂಡಿದ್ದವನ ತಲೆ ಇನ್ನೂ ಕೆಳಗಿರುತ್ತದೆ. ಆಗ ಮಾತ್ರ ಮಳೆಯ ಸದ್ದನ್ನೂ ಮೀರಿ ಕೊಡೆಯ ಕೆಳಗಿಂದ ಒಂದು ಕೂಗು ಬರುತ್ತದೆ: “ತಲೆ ಎತ್ತೋ!”